ಲೇನಿಯ ಹೆಜ್ಜೆ ಯಾರದು

“ತಲೆ ನನ್ನದು, ಕೈಯೂ ನನ್ನದೇ. ಉರ್ಮಸ್ ಅಂದ್ರೆ ಮೇಲೆ ಹಾಕ್ಕೊಳ್ಳೋ ಕೈಗವಸು. ಕೈಗವಸಿಗೆ ಯಾರಾದ್ರೂ ಥ್ಯಾಂಕ್ಸ್ ಹೇಳ್ತಾರಾ?”

ಸ್ಟುಡಿಯೊದ ಹನ್ನೊಂದು ಜನರ ನಡುವೆ, ಲಂಡನ್ನಿನಿಂದ ಬಂದ ಅತಿಥಿಯ ಮುಂದೆ, ನಿರ್ದೇಶಕ ಇಂಡ್ರೆಕ್ ವಾಹೆರ್ ಈ ಮಾತು ಹೇಳುವಾಗ ಬೆಳಗಿನ ಎಂಟೂವರೆ. ಕಿಟಕಿಯಾಚೆ ಇನ್ನೂ ಕತ್ತಲು. ಕೋಪ್ಲಿ ಬಡಾವಣೆಯ ಟ್ರಾಮ್ ದೀಪ ಹಚ್ಚಿಕೊಂಡೇ ತಿರುವಿನಲ್ಲಿ ಕಿರುಗುಟ್ಟುತ್ತಿದೆ. ಇಬ್ಬರು ನಗುತ್ತಾರೆ. ಉಳಿದವರು ಕಾಫಿ ಲೋಟದೊಳಗೆ ಏನೋ ಬಿದ್ದಿದೆ ಎನ್ನುವಂತೆ ಬಗ್ಗಿ ನೋಡುತ್ತಾರೆ. ಮೂಲೆಯ ಸ್ಟೂಲಿನ ಮೇಲೆ ಕೂತ ಉರ್ಮಸ್ ತಾಲ್ವಿಕ್ ಕಪ್ಪು ಬ್ರೆಡ್ಡಿನ ಮೇಲಿನ ಉಪ್ಪುಮೀನನ್ನು ಬೆರಳಿನಿಂದ ಸರಿಮಾಡಿ ಬಾಯಿಗಿಡುತ್ತಾರೆ. ಅವರೂ ಸ್ವಲ್ಪ ನಕ್ಕಂತಿತ್ತು. ನಕ್ಕರೋ, ಹಲ್ಲಿನ ಸಂದಿಯ ಮುಳ್ಳನ್ನು ನಾಲಗೆಯಿಂದ ತೆಗೆದರೋ, ಪತ್ರಿಕೆಗೆ ಬರೆಯಲು ಬಂದು ಅಲ್ಲಿ ಕೂತಿದ್ದ ನನಗೆ ಇವತ್ತಿಗೂ ಗೊತ್ತಾಗಿಲ್ಲ.

ಅತಿಥಿಯ ಹೆಸರು ಇಮೊಜೆನ್. ಪ್ರಶಸ್ತಿಯ ಕಣದಲ್ಲಿರುವ ಚಿತ್ರಗಳ ಪರವಾಗಿ ಮತ ಹಾಕುವವರ ಬಳಿ ಮಾತಾಡುವುದು ಅವಳ ಕಸುಬು. ಈ ಪುಟ್ಟ ಸ್ಟುಡಿಯೊದ ಹದಿನಾಲ್ಕು ನಿಮಿಷದ ಬೊಂಬೆ ಚಿತ್ರ ‘ಕಡಲ ಮೇಲಿನ ಅಂಚೆ’ ಅಮೆರಿಕದ ದೊಡ್ಡ ಪ್ರಶಸ್ತಿಗೆ ಆರಿಸಿದ ಹದಿನೈದು ಅನಿಮೇಷನ್ ಕಿರುಚಿತ್ರಗಳಲ್ಲಿ ಒಂದು. ಇನ್ನು ಎರಡು ವಾರಕ್ಕೆ ಹದಿನೈದು ಇದ್ದದ್ದು ಐದಾಗುತ್ತದೆ. ಆ ಐದರಲ್ಲಿ ಇದನ್ನು ಹೇಗಾದರೂ ಕೂರಿಸಬೇಕೆಂದು ಇಮೊಜೆನ್ ಬಂದಿದ್ದಾಳೆ. ಬಂದವಳು ಬೆಳಗಿನ ಕಾಫಿಯ ಹೊತ್ತಿನಲ್ಲಿ ಚಿತ್ರ ನೋಡಿದಳು, ಕಣ್ಣೊರೆಸಿಕೊಂಡಳು, ಆಮೇಲೆ ಕೇಳಬಾರದ ಪ್ರಶ್ನೆ ಕೇಳಿದಳು.

“ಆ ಮುದುಕಿಯನ್ನ ನಡೆಸಿದ್ದು ಯಾರು?”

ಬೊಂಬೆಗಳಿಗೆ ಬಟ್ಟೆ ಹೊಲಿಯುವ ಮಾಲ್ಲೆ ಥಟ್ಟನೆ, “ಯಾರೂ ಇಲ್ಲ. ಅವಳೇ ನಡೆದದ್ದು” ಎಂದಳು. ಉಳಿದವರು ತಲೆಯಾಡಿಸಿದರು. ಉರ್ಮಸ್ ಕೂಡ ಆಡಿಸಿದರು.

ಇದು ಹೊರಗಿನವರಿಗೆ ಅರ್ಥವಾಗುವ ಸಂಗತಿಯಲ್ಲ. ಬೊಂಬೆ ಕೆಲಸದವರು ‘ನಾನು ನಡೆಸಿದೆ’ ಎಂದು ಬಾಯಿಬಿಟ್ಟು ಹೇಳುವುದಿಲ್ಲ. ಹೇಳಿದರೆ ಮರುದಿನ ಬೊಂಬೆ ಬೀಳುತ್ತದೆ ಎಂಬ ನಂಬಿಕೆ. ಸಂಜೆ ಕೆಲಸ ಮುಗಿಸಿ ಹೊರಬಂದವರನ್ನು ಕೇಳಿದರೆ, ಆ ಮುದುಕಿ ಬೊಂಬೆಯ ಹೆಸರು ಹಿಡಿದು “ಇವತ್ತು ಲೇನಿ ಮೂರು ಹೆಜ್ಜೆ ನಡೆದಳು” ಅನ್ನುತ್ತಾರೆ, ಮಗಳು ಶಾಲೆಗೆ ಹೋಗಿಬಂದಳು ಎನ್ನುವಂತೆ. ಇಮೊಜೆನ್ ಈ ಮಾತನ್ನು ನಗುತ್ತ ಪುಸ್ತಕದಲ್ಲಿ ಬರೆದುಕೊಂಡಳು. ಮತ್ತೆ ಮೂಲೆಯ ಕಡೆ ಪೆನ್ನು ತೋರಿಸಿ, “ಹಾಗಾದ್ರೆ ಅವರ ಕೆಲಸ ಏನು?” ಎಂದು ಇಂಡ್ರೆಕ್‌ನನ್ನು ಕೇಳಿದಳು. ಅವನ ಬಾಯಿಂದ ಬಂದದ್ದು ಕೈಗವಸಿನ ಮಾತು.

ಅಲ್ಲಿಗೆ ಈ ಸ್ಟುಡಿಯೊದಲ್ಲಿ ಒಂದು ಪ್ರಶ್ನೆ ಹುಟ್ಟಿತು. ಲೇನಿಯ ನಡಿಗೆ ಯಾರದು? ಕೇಳಲು ಸಣ್ಣದು. ಅರವತ್ತೆರಡು ವರ್ಷದ ಒಬ್ಬ ಮನುಷ್ಯನಿಗೆ ಅದೊಂದೇ ಆಸ್ತಿ.

ಉರ್ಮಸ್ ತಾಲ್ವಿಕ್ ದಿನಾ ಆರೂ ನಲವತ್ತಕ್ಕೆ ಸ್ಟುಡಿಯೊದ ಬೀಗ ತೆಗೆಯುತ್ತಾರೆ. ಎಂಟಕ್ಕೆ ಪಕ್ಕದ ಮರದ ಕಾರ್ಖಾನೆಯಲ್ಲಿ ಗರಗಸ ಶುರುವಾಗುತ್ತದೆ, ಶುರುವಾದರೆ ನೆಲ ಸಣ್ಣಗೆ ನಡುಗುತ್ತದೆ, ನೆಲ ನಡುಗಿದರೆ ಲೇನಿಯ ತೋಳು ಕೂದಲೆಳೆಯಷ್ಟು ಇಳಿಯುತ್ತದೆ. ಅಷ್ಟು ಇಳಿದರೆ ತೆರೆಯ ಮೇಲೆ ಅವಳಿಗೆ ಚಳಿಜ್ವರ ಬಂದಂತೆ ಕಾಣುತ್ತದೆ. ಆದ್ದರಿಂದ ನಾಜೂಕಿನ ಕೆಲಸವೆಲ್ಲ ಗರಗಸಕ್ಕೆ ಮೊದಲೇ ಮುಗಿಯಬೇಕು. ಮಿಕ್ಕದ್ದು ಗರಗಸದ ಬಿಡುವುಗಳ ನಡುವೆ. ಕಾರ್ಖಾನೆಯವರ ಊಟದ ಹೊತ್ತು, ಸಿಗರೇಟಿನ ಹೊತ್ತು, ಅಲ್ಲಿನ ಮ್ಯಾನೇಜರ್ ರಜೆ ಹಾಕುವ ದಿನ, ಎಲ್ಲ ಉರ್ಮಸ್‌ಗೆ ಬಾಯಿಪಾಠ.

ಲೇನಿ ಇಪ್ಪತ್ತೆರಡು ಸೆಂಟಿಮೀಟರ್ ಎತ್ತರದ ಮುದುಕಿ. ಒಳಗೆ ಉಕ್ಕಿನ ಕೀಲುಗಳು, ಹೊರಗೆ ರಬ್ಬರಿನಂಥ ಚರ್ಮ, ಮೇಲೆ ಮಾಲ್ಲೆ ಹೊಲಿದ ಉಣ್ಣೆಯ ಕೋಟು, ಹೆಗಲಿಗೆ ಅಂಚೆ ಚೀಲ. ಚಿತ್ರದಲ್ಲಿ ಅವಳು ಹೆಪ್ಪುಗಟ್ಟಿದ ಕಡಲಿನ ಮೇಲೆ ಒಂದೇ ಒಂದು ಕಾಗದ ಕೊಡಲು ದ್ವೀಪಕ್ಕೆ ನಡೆದು ಹೋಗುತ್ತಾಳೆ. ಮಾತಿಲ್ಲ. ಹದಿನಾಲ್ಕು ನಿಮಿಷ ನಡಿಗೆ. ಒಟ್ಟಿನಲ್ಲಿ ಆ ಚಿತ್ರ ಅಂದರೆ ಆ ನಡಿಗೆಯೇ.

ಒಂದು ಹೆಜ್ಜೆ ಹೇಗಾಗುತ್ತದೆ, ಹೇಳುತ್ತೇನೆ. ಮೇಜಿನ ಮೇಲೆ ಮಂಜುಗಡ್ಡೆಯ ಹಾಗೆ ಬಣ್ಣ ಬಳಿದ ಹಲಗೆ, ಹಲಗೆಯ ತುಂಬ ತೂತು. ಲೇನಿಯ ಹಿಮ್ಮಡಿಯಲ್ಲೊಂದು ತೂತು. ಮೇಜಿನ ಕೆಳಗಿನಿಂದ ತಿರುಪು ಹಾಕಿ ಅವಳ ಕಾಲನ್ನು ಬಿಗಿಯದಿದ್ದರೆ ಅವಳು ನಿಲ್ಲುವುದಿಲ್ಲ. ಉರ್ಮಸ್ ಮಂಡಿಯೂರಿ ಮೇಜಿನ ಕೆಳಗೆ ತೂರುತ್ತಾರೆ, ಒಂದು ಕಾಲಿನ ತಿರುಪು ಸಡಿಲಿಸುತ್ತಾರೆ, ಹೊರಗೆ ಬರುತ್ತಾರೆ, ಆ ಕಾಲನ್ನು ಒಂದಿಷ್ಟು ಎತ್ತುತ್ತಾರೆ, ಜೊತೆಗೆ ಸೊಂಟ, ತೋಳು, ಚೀಲ, ಗಲ್ಲ ಎಲ್ಲವನ್ನೂ ಒಂದಿಷ್ಟಿಷ್ಟು ಕದಲಿಸುತ್ತಾರೆ, ಹಿಂದೆ ಸರಿಯುತ್ತಾರೆ, ಕ್ಯಾಮೆರಾ ಒತ್ತುತ್ತಾರೆ. ಮತ್ತೆ ಮುಟ್ಟುತ್ತಾರೆ, ಮತ್ತೆ ಸರಿಯುತ್ತಾರೆ. ಹೀಗೆ ಹದಿನಾಲ್ಕು ಸಲ ಆದರೆ ಕಾಲು ಮುಂದಿನ ತೂತಿಗೆ ಬಂದು ಕೂರುತ್ತದೆ. ಮತ್ತೆ ಮೇಜಿನ ಕೆಳಗೆ, ಮತ್ತೆ ತಿರುಪು. ಒಂದು ಹೆಜ್ಜೆ ಆಯಿತು.

ದಿನಕ್ಕೆ ನಲವತ್ತೆಂಟು ಭಂಗಿ. ನಾಲ್ಕು ಸೆಕೆಂಡು ಚಿತ್ರ. ಮೂರು ಹೆಜ್ಜೆ, ಬಹಳ ಆದರೆ ನಾಲ್ಕು. ಎರಡು ಚಳಿಗಾಲ ಸೇರಿ ಇನ್ನೂರ ಹತ್ತು ದಿನ ಹೀಗೆ ನಡೆದಿದೆ. ಈ ಲೆಕ್ಕ ಕೇಳಿದವರು “ಅಬ್ಬಾ, ಎಂಥಾ ತಾಳ್ಮೆ” ಅನ್ನುತ್ತಾರೆ. ಉರ್ಮಸ್‌ಗೆ ಆ ಮಾತು ಆಗುವುದಿಲ್ಲ.

“ತಾಳ್ಮೆ ಬೇಕಾಗೋದು ಕಾಯೋರಿಗೆ. ಡಾಕ್ಟ್ರ ಹತ್ರ ಕೂತಿರ್ತಾರಲ್ಲ, ಅವ್ರಿಗೆ. ನಾನು ಕಾಯ್ತಾ ಇಲ್ಲ, ಕೆಲಸ ಮಾಡ್ತಾ ಇದೀನಿ. ಬೆನ್ನು ನೋಯುತ್ತೆ, ಅದು ಬೇರೆ.”

ಬೆನ್ನಿಗಿಂತ ಹೆಬ್ಬೆರಳು ಕೆಟ್ಟಿದೆ. ಎರಡೂ ಹೆಬ್ಬೆರಳ ಬುಡದಲ್ಲಿ ಕೀಲು ಊದಿಕೊಂಡು ಗಂಟಾಗಿದೆ. ಬೆಳಿಗ್ಗೆ ಬಂದವರೇ ಮೊದಲು ಕೈಯನ್ನು ಬಿಸಿನೀರಿನ ಬಟ್ಟಲಲ್ಲಿ ಐದು ನಿಮಿಷ ಇಟ್ಟುಕೊಳ್ಳುತ್ತಾರೆ. “ಲೇನಿ ಕೀಲಿಗೆ ಎಣ್ಣೆ ಬಿಡ್ತೀನಿ, ನನ್ನ ಕೀಲಿಗೆ ನೀರು” ಎನ್ನುತ್ತಾರೆ. ಇನ್ನೊಂದು ಚಿತ್ರ ಮಾಡಬಹುದು, ಎರಡು ಮಾಡಲಾರೆ ಎಂದು ಅವರಿಗೆ ಗೊತ್ತು. ಅದನ್ನು ಅವರು ಬಾಯಿಬಿಟ್ಟು ಹೇಳಿಲ್ಲ. ಹೇಳಿದವಳು ಮಾಲ್ಲೆ.

ಉರ್ಮಸ್ ಈ ಕೆಲಸಕ್ಕೆ ಬಂದದ್ದು ಅಳತೆ ಯಂತ್ರಗಳ ಕಾರ್ಖಾನೆಯಿಂದ. ಇಪ್ಪತ್ತನಾಲ್ಕನೇ ವಯಸ್ಸಿನಲ್ಲಿ ಒಂದು ಬೊಂಬೆಯ ಮುರಿದ ಮಂಡಿ ಸರಿಮಾಡಿಕೊಡಲು ಆಗಿನ ದೊಡ್ಡ ಸ್ಟುಡಿಯೊಗೆ ಬಂದರು. ಮಂಡಿ ಸರಿಯಾಗಿದೆಯೋ ನೋಡೋಣ ಎಂದು ಬೊಂಬೆಯನ್ನು ಎರಡು ಹೆಜ್ಜೆ ನಡೆಸಿದರು. ಅಲ್ಲಿದ್ದ ಹಿರಿಯರೊಬ್ಬರು ನೋಡಿ, “ನಾಳೆಯೂ ಬಾ” ಅಂದರಂತೆ. ಬಂದರು. ನಾಲ್ಕು ವರ್ಷಕ್ಕೆ ಹಳೆಯ ಒಕ್ಕೂಟ ಒಡೆದು ದೇಶ ಬದಲಾಯಿತು, ನೋಟು ಬದಲಾಯಿತು, ಸ್ಟುಡಿಯೊದ ಬಾಗಿಲಿಗೆ ಬೀಗ ಬಿತ್ತು. ಆಗ ಹಡಗು ಹತ್ತಿ ಹೆಲ್ಸಿಂಕಿಗೆ ಹೋಗಿ ನಾಲ್ಕು ವರ್ಷ ಅಡುಗೆಮನೆಯ ಕಪಾಟುಗಳಿಗೆ ಕೀಲು ಹಾಕಿದರು. ಅದು ಬಿಟ್ಟರೆ ಮೂವತ್ತನಾಲ್ಕು ವರ್ಷ ಇದೇ ಕೆಲಸ. ಆರು ನಿರ್ದೇಶಕರು, ಹತ್ತೊಂಬತ್ತು ಚಿತ್ರಗಳು. ಕಪಾಟಿನ ಕೆಲಸ ಹೇಗಿತ್ತು ಎಂದು ಕೇಳಿದೆ. “ಅಲ್ಲಿ ಬಾಗಿಲು ತೆಗೆದೋರು ‘ಚೆನ್ನಾಗಿ ಕೂತಿದೆ’ ಅಂತಿದ್ರು,” ಎಂದರು.

ಇಲ್ಲಿ ಚೆನ್ನಾಗಿ ಕೂತರೆ ಯಾರೂ ಏನೂ ಅನ್ನುವುದಿಲ್ಲ. ಈ ಕಸುಬಿನ ಮರ್ಯಾದೆಯೇ ಕೈ ಕಾಣದಿರುವುದು. ಒಂದು ಪಟದಲ್ಲಿ ಬೆರಳ ತುದಿಯೋ, ತೋಳಿನ ಅಂಚೋ ಸಿಕ್ಕಿಬಿದ್ದರೆ ಮರುದಿನ ಆ ಮನುಷ್ಯ ಎಲ್ಲರಿಗೂ ಹೆಣೆದ ಸಿಹಿ ರೊಟ್ಟಿ ತಂದುಕೊಡಬೇಕು. ಮೂವತ್ತನಾಲ್ಕು ವರ್ಷದಲ್ಲಿ ಉರ್ಮಸ್ ತಂದದ್ದು ಮೂರು ಸಲ. “ಒಂದ್ಸಲ ನನ್ನ ಹುಟ್ಟುಹಬ್ಬಕ್ಕೆ ತಂದಿದ್ದೆ. ಎಲ್ರೂ ಹಿಂದಿನ ದಿನದ ಪಟ ಹುಡುಕೋಕೆ ಶುರುಮಾಡಿದ್ರು.”

ಲೇನಿಯ ನಡಿಗೆಗೆ ಬರೋಣ. ಯಾಕೆಂದರೆ ಜಗಳ ಇರುವುದು ಅಲ್ಲಿ. ಆದರೆ ಜಗಳ ಅಂತ ಯಾರೂ ಒಪ್ಪುವುದಿಲ್ಲ, ಅದೇ ತೊಂದರೆ.

ಮೂರು ವರ್ಷದ ಹಿಂದೆ ಇಂಡ್ರೆಕ್ ಕೊಟ್ಟ ಚಿತ್ರಕಥೆಯಲ್ಲಿ ‘ಮುದುಕಿ ನಡೆಯುತ್ತಾಳೆ’ ಎಂದು ಬರೆದಿತ್ತು. ಹೇಗೆ ನಡೆಯುತ್ತಾಳೆ ಎಂದು ಇರಲಿಲ್ಲ. ಉರ್ಮಸ್ ಎರಡು ತಿಂಗಳು ಟ್ರಾಮ್‌ಸ್ಟಾಪುಗಳಲ್ಲಿ ನಿಂತು ಮುದುಕಿಯರ ಕಾಲು ನೋಡಿದರು. ಕೊನೆಗೆ ಒಬ್ಬಳು ಸಿಕ್ಕಳು. ಖಾಲಿ ಬಾಟಲಿ ಆಯ್ದು ಕೈಗಾಡಿಯಲ್ಲಿ ತುಂಬಿಕೊಂಡು ಅಂಗಡಿಯ ಯಂತ್ರಕ್ಕೆ ಹಾಕಿ ದುಡ್ಡಿನ ಚೀಟಿ ಪಡೆಯುವ ಹೆಂಗಸು. ಮಂಜು ಬಿದ್ದ ಇಳಿಜಾರಿನಲ್ಲಿ ಗಾಡಿ ಎಳೆದುಕೊಂಡು ಹೋಗುವಾಗ ಅವಳ ಎಡಗಾಲು ಎಳೆಯುತ್ತಿತ್ತು, ಗಲ್ಲ ಮುಂದಕ್ಕೆ ಬರುತ್ತಿತ್ತು, ಪ್ರತಿ ಹೆಜ್ಜೆಗೂ ನಿಲ್ಲೋಣವೇ ಬೇಡವೇ ಎಂದು ಕೇಳಿಕೊಂಡಂತೆ ಒಂದು ಗಳಿಗೆ ತಡೆಯುತ್ತಿದ್ದಳು.

“ಹದಿನಾರು ದಿನ ಹಿಂದಿಂದೆ ಹೋದೆ. ಹದಿನೇಳನೇ ದಿನ ತಿರುಗಿ ನಿಂತ್ಲು. ‘ಏನಯ್ಯಾ, ನನ್ನ ಬಾಟ್ಲಿ ಮೇಲೆ ಕಣ್ಣಾ?’ ಅಂದ್ಲು. ‘ಇಲ್ಲಮ್ಮ, ನಿಮ್ಮ ಕಾಲಿನ ಮೇಲೆ’ ಅಂದೆ. ಬಾಟ್ಲಿ ಎತ್ತಿದ್ಲು.”

ತಲೆ ತಪ್ಪಿಸಿಕೊಂಡು ಉರ್ಮಸ್ ವಿಷಯ ಹೇಳಿದರು. ಬೊಂಬೆ, ಕಡಲು, ಕಾಗದ ಎಲ್ಲ. ಆಕೆ ಕೇಳಿ, “ಹಾಗಾದ್ರೆ ಎಡಗಾಲು ನೋಡಬೇಡ, ಅದು ಸೋಮಾರಿ. ಬಲಗಾಲು ನೋಡು. ಇಬ್ಬರ ಕೆಲಸ ಅದೊಂದೇ ಮಾಡುತ್ತೆ” ಅಂದಳಂತೆ. ಅವತ್ತಿನಿಂದ ಉರ್ಮಸ್ ಬಲಗಾಲನ್ನು ನೋಡಿದರು. ಲೇನಿಯ ಬಲಗಾಲನ್ನು ನೀವು ನೋಡಿದರೆ ನಿಮಗೂ ಎದೆಯಲ್ಲಿ ಏನೋ ಆಗುತ್ತದೆ. ಯಾಕೆ ಎಂದು ತಿಳಿಯುವುದಿಲ್ಲ.

ಚಿತ್ರ ಫ್ರಾನ್ಸಿನ ಉತ್ಸವದಲ್ಲಿ ಬಹುಮಾನ ಪಡೆಯಿತು. ಪತ್ರಿಕೆಗಳೆಲ್ಲ ಒಂದೇ ಬರೆದವು: ಆ ನಡಿಗೆ, ಆ ನಡಿಗೆ. ಡಿಸೆಂಬರಿನಲ್ಲಿ ಹದಿನೈದರ ಪಟ್ಟಿ ಬಂದ ದಿನ ರೇಡಿಯೊದವರು ಇಂಡ್ರೆಕ್‌ನನ್ನು ಕೇಳಿದರು, ಆ ನಡಿಗೆ ನಿಮಗೆ ಎಲ್ಲಿ ಸಿಕ್ಕಿತು ಎಂದು.

“ಅದು ನನ್ನ ಅಜ್ಜಿಯ ನಡಿಗೆ,” ಅಂದ ಇಂಡ್ರೆಕ್.

ಮಾಲ್ಲೆ ಆಗ ಸೂಜಿಗೆ ದಾರ ಪೋಣಿಸುತ್ತಿದ್ದಳು. “ಇವನಜ್ಜಿ ಪಿಯಾನೊ ಟೀಚರ್. ಮಂಜು ಬಿದ್ರೆ ಟ್ಯಾಕ್ಸಿಯಿಂದ ಕೆಳಗೆ ಇಳಿದೋಳೇ ಅಲ್ಲ,” ಎಂದಳು, ರೇಡಿಯೊಗೆ ಕೇಳಿಸಲಿ ಎನ್ನುವ ಹಾಗೆ.

ಉರ್ಮಸ್, “ಅವನಿಗೆ ಹಾಗೇ ನೆನಪಿರಬಹುದು” ಎಂದರು.

“ನಿನಗೆ ಸಿಟ್ಟೇ ಬರಲ್ವೇನೋ?”

“ಬರ್ತಿದೆಯೋ ಇಲ್ವೋ ಗೊತ್ತಾಗ್ತಿಲ್ಲ ಮಾಲ್ಲೆ. ಬಂದ್ರೆ ಹೇಳ್ತೀನಿ.”

ಚಿತ್ರದ ಕೊನೆಯಲ್ಲಿ ಹೆಸರುಗಳ ಪಟ್ಟಿ ಬರುತ್ತದೆ. ಉರ್ಮಸ್ ಹೆಸರು ಇಲ್ಲವೆಂದಲ್ಲ, ಇದೆ. ನಲವತ್ತೊಂದನೆಯದು. ಮುಂದೆ ‘ಚಲನೆಗೆ ಸಹಾಯ’ ಎಂದಿದೆ. ಅದಕ್ಕಿಂತ ಮೊದಲು ಊಟ ತಂದುಕೊಟ್ಟ ಹೋಟೆಲಿನ ಹೆಸರಿದೆ. ತೆರೆಯ ಮೇಲೆ ಉರ್ಮಸ್ ಇರುವುದು ಒಂದೂಕಾಲು ಸೆಕೆಂಡು. ಅಷ್ಟು ಹೊತ್ತಿನ ಚಿತ್ರ ಮಾಡಲು ಅವರಿಗೆ ಸುಮಾರು ಮೂರು ಗಂಟೆ ಬೇಕು. ಸಹಾಯ ಅಂತೆ. ಯಾರಿಗೆ ಸಹಾಯ? ಇಂಡ್ರೆಕ್ ತಾನೇ ನಡೆಸಿದ್ದು ಮೊದಲ ಒಂಬತ್ತು ಸೆಕೆಂಡು. ಅದರಲ್ಲಿ ಲೇನಿಯ ಮಂಡಿ ಮುರಿದು, ಆ ತುಂಡನ್ನು ಕತ್ತರಿಸಿ ಎಸೆದರು. ಉಳಿದದ್ದೆಲ್ಲ, ಮೊದಲ ಹೆಜ್ಜೆಯಿಂದ ಕೊನೆಯ ಹೆಜ್ಜೆಯವರೆಗೆ, ಮೇಜಿನ ಕೆಳಗೆ ಹೋಗಿಬಂದ ಒಬ್ಬನೇ ಮನುಷ್ಯನದು.

ಇಂಡ್ರೆಕ್ ಕಳ್ಳ ಎಂದು ಬರೆದು ಮುಗಿಸಿದರೆ ನನಗೆ ಹಗುರ. ಆದರೆ ಪೆನ್ನು ಅಲ್ಲಿಗೆ ಬಂದು ನಿಲ್ಲುತ್ತದೆ. ಆ ಮುದುಕಿಯನ್ನು, ಆ ಕಡಲನ್ನು, ಆ ಕಾಗದವನ್ನು ಕನಸು ಕಂಡವನು ಅವನೇ. ಮೂವತ್ತಮೂರು ವರ್ಷದ ಹುಡುಗ, ನಾಲ್ಕು ವರ್ಷ ಕಚೇರಿ ಕಚೇರಿ ಅಲೆದು ಈ ಚಿತ್ರವನ್ನು ಉಳಿಸಿಕೊಂಡಿದ್ದಾನೆ. ಐದರಲ್ಲಿ ಬಂದರೆ ಮುಂದಿನ ಚಿತ್ರಕ್ಕೆ ಸರ್ಕಾರದ ನಿಧಿ ಸಿಗುತ್ತದೆ, ಹನ್ನೊಂದು ಜನಕ್ಕೂ ಮುಂದಿನ ಚಳಿಗಾಲ ಕೆಲಸ ಇರುತ್ತದೆ. ಬರದಿದ್ದರೆ ಹಾಲಿನ ಕಂಪನಿಯ ಜಾಹೀರಾತಿನ ಹಸುವನ್ನು ಕುಣಿಸಿಕೊಂಡಿರಬೇಕು. ಅವನು ಹೇಳುವ ಸುಳ್ಳು ಎಲ್ಲರ ಸಲುವಾಗಿ ಎಂದು ಅವನೂ ನಂಬಿದ್ದಾನೆ, ಅರ್ಧ ಜನರೂ ನಂಬಿದ್ದಾರೆ. ಹಾಗಾದರೆ ಅದು ಸುಳ್ಳೋ, ಸಂಸಾರ ತೂಗಿಸುವ ಉಪಾಯವೋ? ಹಲ್ಲು ಕಡಿದುಕೊಂಡೇ ಕೇಳುತ್ತಿದ್ದೇನೆ, ಉತ್ತರ ಗೊತ್ತಿದ್ದು ಅಲ್ಲ.

ಇಮೊಜೆನ್‌ಗೆ ಇಂಥ ಗೊಂದಲ ಇಲ್ಲ. ಕೈಗವಸಿನ ಮಾತಾದ ಮೂರನೇ ದಿನ ಅವಳು ಎಲ್ಲರನ್ನೂ ಕೂರಿಸಿಕೊಂಡು ವಿವರಿಸಿದಳು. ಮತ ಹಾಕುವವರು ಸಾವಿರಾರು ಜನ, ನೋಡಬೇಕಾದ ಚಿತ್ರ ಹದಿನೈದು. ಅವರ ನೆನಪಿನಲ್ಲಿ ಉಳಿಯುವುದು ಚಿತ್ರವಲ್ಲ, ಚಿತ್ರದ ಹಿಂದಿನ ಕಥೆ. ಮೇಲಾಗಿ ಈಗ ಎಲ್ಲರಿಗೂ ಒಂದೇ ಅನುಮಾನ, ಇದನ್ನು ಮನುಷ್ಯ ಮಾಡಿದನೋ, ಯಂತ್ರ ಮಾಡಿತೋ ಎಂದು. ಆದ್ದರಿಂದ ಮೂರು ನಿಮಿಷದ ಒಂದು ತುಣುಕು ಬೇಕು. ಒಬ್ಬ ಹುಡುಗ, ಒಂದು ಹಳೆಯ ಕೋಣೆ, ಎರಡು ಕೈ, ಒಂದು ಬೊಂಬೆ.

“ಕೈ ಕಾಣಬೇಕು,” ಎಂದಳು. “ಕೈಯನ್ನ ಹತ್ತಿರದಿಂದ.”

ಮೂವತ್ತನಾಲ್ಕು ವರ್ಷ ಕೈ ಕಾಣಬಾರದೆಂದು ಬದುಕಿದ ಮನುಷ್ಯ ಮೂಲೆಯಲ್ಲಿ ಕೂತು ಇದನ್ನು ಕೇಳಿಸಿಕೊಂಡರು.

ಮರುದಿನ ಕ್ಯಾಮೆರಾ ಇಟ್ಟರು. ಇಂಡ್ರೆಕ್ ತನ್ನ ಸಾಸಿವೆ ಬಣ್ಣದ ಸ್ವೆಟರ್ ಹಾಕಿಕೊಂಡು ಬಂದ. ಪತ್ರಿಕೆಗಳಲ್ಲಿ ಬಂದ ಅವನ ಫೋಟೊಗಳಲ್ಲೆಲ್ಲ ಇರುವುದು ಅದೇ ಸ್ವೆಟರ್. ಲೇನಿಯ ಸೊಂಟ ಹಿಡಿದ. ಅವಳ ಕೀಲುಗಳ ಬಿಗಿ ಉರ್ಮಸ್ ಕೈಯ ಅಳತೆಯದು, ಬೇರೆಯವರು ತೋಳು ಕದಲಿಸಲು ಹೋದರೆ ಹೆಗಲೇ ತಿರುಗುತ್ತದೆ. ತಿರುಗಿತು. ಸರಿಮಾಡಲು ಹೋದ, ತಲೆ ಹಿಂದಕ್ಕೆ ಬಿತ್ತು. ತಿರುಪು ಹಾಕಲು ಮೇಜಿನ ಕೆಳಗೆ ತೂರಿದವನು ಎದ್ದೇಳುವಾಗ ತಲೆ ಬಡಿದುಕೊಂಡ, ಲೇನಿ ಮುಖ ಅಡಿಯಾಗಿ ಬಿದ್ದಳು, ಕಿವಿಯ ಚೂರೊಂದು ಹಾರಿಹೋಯಿತು. ಯಾರೂ ನಗಲಿಲ್ಲ. ಉರ್ಮಸ್ ಚಿಮಟ ಹಿಡಿದು ನೆಲದ ಮೇಲೆ ಕಿವಿ ಹುಡುಕಿದರು.

ಇಮೊಜೆನ್, “ಕೈ ಮಾತ್ರ ಕಂಡ್ರೆ ಸಾಕಲ್ವಾ?” ಎಂದಳು.

ಇದಾದ ಮೇಲೆ ಇಂಡ್ರೆಕ್ ಸ್ವೆಟರ್ ತೆಗೆದು ಕೈಯಲ್ಲಿ ಹಿಡಿದುಕೊಂಡು ಉರ್ಮಸ್ ಬಳಿ ಬಂದ. ಕಿವಿ ಅಂಟಿಸುತ್ತಿದ್ದವರು ತಲೆ ಎತ್ತಲಿಲ್ಲ. ಆ ಮಾತುಕತೆ ನಾನು ಕೇಳಿಸಿಕೊಂಡಷ್ಟು ಹೀಗಿದೆ.

“ಮೇಸ್ತ್ರಿ, ಅರ್ಧ ದಿನದ ಕೆಲಸ. ಮುಖ ಬರಲ್ಲ. ಬರೀ ಕೈ.”

“ಯಾರ ಕೈ?”

“ನಿಮ್ಮ ಕೈನೇ.”

“ಯಾರ ಕೈ ಅಂತ ಹೇಳ್ತೀರಿ?”

“ಹೇಳೋದೇ ಇಲ್ಲ. ನೋಡಿದೋರು ಏನಂದ್ಕೊಳ್ತಾರೋ ಅಂದ್ಕೊಳ್ಳಲಿ.”

“ಸ್ವೆಟರ್ ಯಾತಕ್ಕೆ?”

“ಹನ್ನೊಂದು ಜನ ಇದೀವಿ ಮೇಸ್ತ್ರಿ,” ಎಂದ ಇಂಡ್ರೆಕ್. ಅದು ನಾಟಕದ ಮಾತಲ್ಲ. ಉರ್ಮಸ್ ಸ್ವೆಟರನ್ನು ತೆಗೆದುಕೊಂಡು ಮುಂದೆ ಹಿಂದೆ ತಿರುಗಿಸಿ ನೋಡಿದರು. “ಉಣ್ಣೆ ಚೆನ್ನಾಗಿದೆ,” ಎಂದರು. ಒಪ್ಪಿದರೋ ಇಲ್ಲವೋ ಎಂದು ಅಲ್ಲಿದ್ದವರಿಗೆ ಗೊತ್ತಾಗಲಿಲ್ಲ.

ಅವತ್ತು ಮಧ್ಯಾಹ್ನ ಮೆಟ್ಟಿಲ ಕೆಳಗೆ ಕೂತು ಗೋಧಿಗಂಜಿಯಂಥ ಏನನ್ನೋ ಡಬ್ಬಿಯಿಂದ ತಿನ್ನುತ್ತಿದ್ದ ಉರ್ಮಸ್‌ರನ್ನು ನೇರವಾಗಿ ಕೇಳಿದೆ. ಮಾಡುತ್ತೀರಾ?

“ನೋಡು, ಲೆಕ್ಕ ಹಾಕಿದ್ರೆ ಇದೇನೂ ಹೊಸದಲ್ಲ. ಇಷ್ಟು ವರ್ಷ ನಾನು ಕಾಣಿಸಿಲ್ಲ, ಈಗ್ಲೂ ಕಾಣಿಸಲ್ಲ. ಕೈ ಅವ್ರಿಗೆ ಬೇಕು, ಕೊಡ್ಬೋದು. ಕೊಟ್ರೆ ನನಗೇನು ಹೋಗುತ್ತೆ? ಅಂತ ಅನ್ಸುತ್ತೆ. ಆಮೇಲೆ ಆ ಸ್ವೆಟರ್ ನೋಡಿದ್ರೆ ಕೊಡೋಕೆ ಮನಸ್ಸಾಗಲ್ಲ. ಲೇನಿಯಿಂದ ಏನೂ ಹೋಗಲ್ಲ, ಅವಳು ನಡೆದಾಯ್ತು. ಹಾಗಾದ್ರೆ ಹೋಗ್ತಾ ಇರೋದು ಏನು? ನನಗೆ ಅದೊಂದು ಹಿಡಿಗೆ ಸಿಕ್ತಿಲ್ಲ.”

ಪ್ರಶಸ್ತಿ ಬಂದರೆ? ಆ ಚಿನ್ನದ ಬೊಂಬೆ ಇಲ್ಲಿಗೆ ಬಂದರೆ?

“ಅದಕ್ಕೆ ಒಂದು ಕೀಲೂ ಇಲ್ಲ. ಮಂಡಿ ಮಡಿಸೋಕಾಗಲ್ಲ, ಕತ್ತು ತಿರುಗಿಸೋಕಾಗಲ್ಲ. ಅಂಥದ್ದನ್ನ ಇಟ್ಕೊಂಡು ನಾನೇನು ಮಾಡ್ಲಿ?”

ಆಸ್ತಿಪಾಸ್ತಿ ಬೇಡ, ಹೆಸರು ಬೇಡ ಎನ್ನುವವರ ಮಾತು ಕೇಳಿದರೆ ನನಗೆ ಮೈ ಉರಿಯುತ್ತದೆ. ಬೇಡ ಎಂದವರ ಪಾಲನ್ನು ಯಾರೋ ಒಬ್ಬರು ತಿನ್ನುತ್ತಾರಲ್ಲ. ಅದಕ್ಕೇ ಬಿಡದೆ ಕೇಳಿದೆ, ನಿಮಗೆ ಏನೂ ಆಸೆಯೇ ಇಲ್ಲವಾ? ಬಹಳ ಹೊತ್ತು ಡಬ್ಬಿ ಕೆರೆದರು.

“ಆ ಬಾಟ್ಲಿ ಹೆಂಗಸಿಗೆ ಚಿತ್ರ ತೋರಿಸ್ಬೇಕು. ಸಿಕ್ತಿಲ್ಲ, ಈ ಚಳಿಗಾಲ ಆ ಕಡೆ ಬಂದಿಲ್ಲ. ನೋಡಿ ಅವಳು ‘ಬಲಗಾಲು ಸರಿ ಇದೆ’ ಅಂದ್ರೆ ಸಾಕು. ‘ಸರಿ ಇಲ್ಲ’ ಅಂದ್ರೂ ಆಗುತ್ತೆ. ಗೊತ್ತಿರೋರು ಯಾರಾದ್ರೂ ಒಬ್ರು ಅನ್ಬೇಕು.”

ಶುಕ್ರವಾರ ತುಣುಕಿನ ಚಿತ್ರೀಕರಣ. ಪಕ್ಕದ ಕಾರ್ಖಾನೆಯ ಗರಗಸವನ್ನು ಇಮೊಜೆನ್ ಹೇಗೋ ಮಾತಾಡಿ ನಿಲ್ಲಿಸಿದ್ದಳು. ಈ ಕೋಣೆಯಲ್ಲಿ ಉರ್ಮಸ್‌ಗೆ ಹಗಲಿಡೀ ನೆಲ ನಡುಗದ ದಿನ ಸಿಕ್ಕಿದ್ದು ಇದೇ ಮೊದಲಿರಬೇಕು.

ಮಾಲ್ಲೆಗೆ ಕೊಟ್ಟ ಕೆಲಸ ಎರಡು. ಸ್ವೆಟರಿನ ತೋಳನ್ನು ಉರ್ಮಸ್ ಅಳತೆಗೆ ಮಡಚಿ ಟಾಕಿ ಹಾಕುವುದು ಮತ್ತು ಅವರ ಗೆಣ್ಣುಗಳ ಸುಕ್ಕಿಗೆ, ಕೈಯ ಮೇಲಿನ ಕಂದು ಕಲೆಗಳಿಗೆ ಬಣ್ಣ ಮೆತ್ತಿ ಮೂವತ್ತಮೂರು ವರ್ಷದವನ ಕೈಯಾಗಿಸುವುದು. ಲೇನಿಯ ಮುಖಕ್ಕೆ ಬಳಸುವ ಬಣ್ಣದ ಡಬ್ಬಿಯನ್ನೇ ತಂದಳು.

“ಬೊಂಬೆಗಳಿಗೆ ಬಟ್ಟೆ ತೊಡಿಸಿ ತೊಡಿಸಿ ಮುದುಕಿ ಆದೆ,” ಎಂದಳು. “ಇವತ್ತು ನಿನಗೆ ತೊಡಿಸ್ತಿದೀನಿ. ಕೈ ಎತ್ತು.”

ಉರ್ಮಸ್ ಕೈ ಎತ್ತಿದರು.

“ಈಗ್ಲಾದ್ರೂ ಸಿಟ್ಟು ಬಂತಾ?”

“ಕಚಗುಳಿ ಆಗ್ತಿದೆ.”

ಮಾಲ್ಲೆ ಬಣ್ಣದ ಕುಂಚವನ್ನು ಮೇಜಿನ ಮೇಲೆ ಕುಕ್ಕಿ ಹಿಂದೆ ಹೋಗಿ ನಿಂತಳು.

ಅವತ್ತು ಆ ಕೋಣೆಯಲ್ಲಿ ನಡೆದದ್ದನ್ನು ಸರಿಯಾಗಿ ಹೇಳಬೇಕು. ಉರ್ಮಸ್ ಕೆಲಸ ಮಾಡುವುದನ್ನು ಅಲ್ಲಿದ್ದವರು ಯಾರೂ ನೋಡಿರಲಿಲ್ಲ. ಅವರು ಕರಿಪರದೆಯ ಹಿಂದೆ ಒಬ್ಬರೇ ಮಾಡುತ್ತಿದ್ದರು; ಪಕ್ಕದಲ್ಲಿ ಯಾರಾದರೂ ಉಸಿರಾಡಿದರೂ ಲೇನಿಯ ಕೂದಲು ಅಲುಗುತ್ತದೆ. ಇವತ್ತು ಪರದೆ ಸರಿಸಿದರು. ಸಾಸಿವೆ ಬಣ್ಣದ ತೋಳಿನಿಂದ ಹೊರಗೆ ಬಂದ ಆ ಬಣ್ಣ ಹಚ್ಚಿದ ಕೈಗಳು ಲೇನಿಯ ಸೊಂಟವನ್ನು ಹಿಡಿದವು. ಹಿಡಿದವು ಎನ್ನಬಾರದು, ಜ್ವರ ಇದೆಯಾ ಎಂದು ನೋಡುವಷ್ಟು ಮುಟ್ಟಿದವು. ಸರಿದವು. ಕ್ಯಾಮೆರಾ ಒತ್ತಿದ ಸದ್ದು. ಮತ್ತೆ ಮುಟ್ಟಿದವು. ಮೇಜಿನ ಕೆಳಗೆ ಹೋದರು, ಬಂದರು. ಅರವತ್ತೆರಡು ವರ್ಷದ ಮಂಡಿ ನೆಲಕ್ಕೆ ತಾಗುವ ಸದ್ದು ಕೂಡ ಕೇಳಿಸಿತು. ಎರಡೂಕಾಲು ಗಂಟೆ ಯಾರೂ ಕುರ್ಚಿ ಕದಲಿಸಲಿಲ್ಲ. ಲೇನಿ ಒಂದು ಹೆಜ್ಜೆ ನಡೆದಳು.

ಇಂಡ್ರೆಕ್ ಗೋಡೆಗೆ ಒರಗಿ ನಿಂತು ನೋಡುತ್ತಿದ್ದ. ಅವನ ಬಾಯಿ ಸ್ವಲ್ಪ ತೆರೆದುಕೊಂಡಿತ್ತು. ತನ್ನದೇ ಚಿತ್ರವನ್ನು ಅವನು ಮೊದಲ ಸಲ ನೋಡುತ್ತಿದ್ದ ಹಾಗಿತ್ತು. ಅವನಿಗೆ ನಾಚಿಕೆಯಾಯಿತೋ, ಹೊಟ್ಟೆಕಿಚ್ಚಾಯಿತೋ, ಬರೀ ಸುಸ್ತೋ, ನಾನು ಹೇಳಲಾರೆ. ಒಂದು ಸಲ ಉರ್ಮಸ್ ಹತ್ತಿರ ಹೋಗಲು ಮುಂದೆ ಬಂದ. ನೆಲ ಅಲುಗೀತೆಂದು ನಿಂತ.

“ಅದ್ಭುತ,” ಎಂದಳು ಇಮೊಜೆನ್, ಕೈಗಳ ಭಾಗ ಮುಗಿದ ಮೇಲೆ. “ಈಗ ಮಾತು.”

ಇಂಡ್ರೆಕ್‌ನನ್ನು ಮೇಜಿನ ಮುಂದೆ ಕೂರಿಸಿದರು. ಸ್ವೆಟರ್ ಬೇಕಲ್ಲ, ಉರ್ಮಸ್ ಅದನ್ನು ತಲೆಯ ಮೇಲಿಂದ ಎಳೆದು ತೆಗೆದುಕೊಟ್ಟರು. ಮಾಲ್ಲೆ ತೋಳಿನ ಟಾಕಿ ಬಿಚ್ಚಿದಳು. ಇಂಡ್ರೆಕ್ ಅದನ್ನು ಹಾಕಿಕೊಂಡಾಗ ಒಳಗೆ ಇನ್ನೂ ಇನ್ನೊಬ್ಬರ ಮೈಬಿಸಿ ಇದ್ದಿರಬೇಕು, ಒಮ್ಮೆ ಹೆಗಲು ಕುಣಿಸಿದ. ಲೇನಿಯನ್ನು ಅವನ ಪಕ್ಕ ನಿಲ್ಲಿಸಿದರು. ಉರ್ಮಸ್ ಬಾಗಿಲ ಬಳಿಯ ತೊಟ್ಟಿಗೆ ಹೋಗಿ ಕೈಯ ಬಣ್ಣ ತೊಳೆಯತೊಡಗಿದರು.

ಇಂಡ್ರೆಕ್ ಚೆನ್ನಾಗಿ ಮಾತಾಡಿದ. ಕಡಲಿನ ಬಗ್ಗೆ, ಅಜ್ಜಿಯ ಬಗ್ಗೆ, ಒಂಟಿತನದ ಬಗ್ಗೆ. “ನಾನು ಅವಳನ್ನ ನಡೆಸಿದೆ” ಎನ್ನುವಾಗ ಮಾತ್ರ ಸ್ವಲ್ಪ ತಡವರಿಸಿದ. ಕೋಣೆಯಲ್ಲಿ ಯಾರೋ ಒಬ್ಬರು ಉಸಿರೆಳೆದುಕೊಂಡರು. ಆ ಮಾತನ್ನು ಅಲ್ಲಿ ಯಾರೂ ಯಾವತ್ತೂ ಆಡಿರಲಿಲ್ಲ.

“ಒಂದು ಸಂಖ್ಯೆ ಬೇಕು,” ಎಂದಳು ಇಮೊಜೆನ್ ಕ್ಯಾಮೆರಾದ ಹಿಂದಿನಿಂದ. “ಸಂಖ್ಯೆ ಹೇಳಿದ್ರೆ ಜನ ನಂಬ್ತಾರೆ. ಇಡೀ ಚಿತ್ರದಲ್ಲಿ ಅವಳು ಒಟ್ಟು ಎಷ್ಟು ಹೆಜ್ಜೆ ನಡೀತಾಳೆ?”

ಇಂಡ್ರೆಕ್ ಲೇನಿಯ ಕಡೆ ನೋಡಿದ. ಆಮೇಲೆ ಕ್ಯಾಮೆರಾ ಓಡುತ್ತಿರುವಾಗಲೇ, ಎಲ್ಲರ ಮುಂದೆ, ಬಾಗಿಲ ಕಡೆ ಕತ್ತು ತಿರುಗಿಸಿದ.

“ಉರ್ಮಸ್, ಎಷ್ಟು ಹೆಜ್ಜೆ?”

ಉರ್ಮಸ್ ಒಂದೊಂದು ಬೆರಳನ್ನೂ ಬಟ್ಟೆಯಿಂದ ಒರೆಸಿಕೊಳ್ಳುತ್ತಿದ್ದರು. ಒರೆಸಿ ಮುಗಿಸಿ ಬಟ್ಟೆಯನ್ನು ಮಡಚಿ ತೊಟ್ಟಿಯ ಅಂಚಿಗಿಟ್ಟರು. ಗೂಟದಿಂದ ಕೋಟು ತೆಗೆದುಕೊಂಡು ಹಾಕಿದರು, ಕೆಳಗಿನ ಗುಂಡಿಯಿಂದ ಶುರುಮಾಡಿ ಕತ್ತಿನವರೆಗೆ ಎಲ್ಲ ಗುಂಡಿ ಹಾಕಿಕೊಂಡರು.

“ಮೇಸ್ತ್ರಿ? ಸುಮಾರಾಗಿ ಹೇಳಿದ್ರೂ ಸಾಕು.”

ಉಳಿದ ಹತ್ತು ಜನರೂ ಅವರನ್ನೇ ನೋಡುತ್ತಿದ್ದರು. ಉರ್ಮಸ್ ಟೋಪಿಯನ್ನು ಕಿವಿಯವರೆಗೆ ಎಳೆದುಕೊಂಡರು. ಬಾಗಿಲು ತೆಗೆದರು, ತಣ್ಣನೆಯ ಗಾಳಿ ಒಳಗೆ ಬರದ ಹಾಗೆ ಹಿಂದಿನಿಂದ ಮೆಲ್ಲಗೆ ಮುಚ್ಚಿದರು. ಮೆಟ್ಟಿಲಿಳಿಯುವ ಸದ್ದು ಕೆಳಗಿನ ಬಾಗಿಲಿನವರೆಗೂ ಕೇಳಿಸಿತು. ಆಮೇಲೆ ಮಂಜಿನಲ್ಲಿ ಅದೂ ಕೇಳಿಸಲಿಲ್ಲ.